ಗಾಳಿಗೆ ತೆರಿಗೆ ಕೇಳಿದ ದೇಜಪ್ಪ

ನಾನು ಠಾಣೆಯ ನೌಪಾಡಾದಲ್ಲಿ ಸೇಲ್ಸ್ ಟ್ಯಾಕ್ಸ್ ವಕಾಲತ್ತು ಮಾಡಿಕೊಂಡು ತಲೆ ನರೆಸಿಕೊಂಡವನು. ವಕಾಲತ್ತು ಎಂದರೆ ಕರಿ ಕೋಟು, ಕಟಕಟೆ ಏನೂ ಇಲ್ಲ. ಅಂಗಡಿಯವರ, ಹೋಟೆಲಿನವರ ತೆರಿಗೆ ಲೆಕ್ಕ ಬರೆದು ಇಲಾಖೆಗೆ ಒಪ್ಪಿಸುವುದು, ಅವರ ಪರವಾಗಿ ಅಧಿಕಾರಿಗಳಿಂದ ಬೈಸಿಕೊಳ್ಳುವುದು, ಅಷ್ಟೇ. ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದವರೆಲ್ಲ ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು ಕೇಳುವ ಪ್ರಶ್ನೆ ಒಂದೇ: ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಕೊರಳಲ್ಲಿ ಚಿನ್ನದ ಸರ ಇದ್ದವನೂ ಅದನ್ನೇ ಕೇಳುತ್ತಾನೆ, ಹವಾಯಿ ಚಪ್ಪಲಿಯವನೂ ಅದನ್ನೇ ಕೇಳುತ್ತಾನೆ. ಕೇಳಿ ಕೇಳಿ ನನಗೆ ಇಡೀ ಮನುಷ್ಯಜಾತಿಯ ಮೇಲೆ ಒಂದು ಥರದ ಸಿಟ್ಟು ಬಂದುಬಿಟ್ಟಿದೆ. ಆ ಸಿಟ್ಟಿನಿಂದ ನಾನು ಹೊರಗಿಟ್ಟದ್ದು ಒಬ್ಬರನ್ನು ಮಾತ್ರ, ಡೊಂಬಿವಲಿಯ ದೇಜಪ್ಪನವರನ್ನು.

2013ರ ಮಳೆಗಾಲದ ಒಂದು ಮಧ್ಯಾಹ್ನ ಅವರು ಬಂದರು. ಸೋರುವ ಕೊಡೆಯನ್ನು ಬಾಗಿಲಿಗೆ ಒರಗಿಸಿ, ನನ್ನ ಎದುರು ಕೂತು, ನೇರ ವಿಷಯಕ್ಕೆ ಬಂದರು.

"ಚಂದ್ರಾಮಣ್ಣ, ಒಂದು ಟ್ಯಾಕ್ಸ್ ಕಟ್ಟಬೇಕಿತ್ತು. ಹೇಗೆ ಕಟ್ಟುದು ಹೇಳಿ."

"ನೋಟೀಸ್ ಬಂದೈತೇನ್ರಿ?"

"ಇಲ್ಲ."

"ಇನ್‌ಸ್ಪೆಕ್ಟರ್ ಬಂದಿದ್ನೇನು ಅಂಗಡಿಗೆ?"

"ಯಾರೂ ಬರ್ಲಿಲ್ಲ ಮಾರಾಯ್ರೆ. ನಾನೇ ಬಂದದ್ದು."

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟು ವರ್ಷದ ಸರ್ವಿಸಿನಲ್ಲಿ ಯಾರೂ ಬೆನ್ನಟ್ಟದೆ ತಾನಾಗಿಯೇ ತೆರಿಗೆ ಹುಡುಕಿಕೊಂಡು ಬಂದವರನ್ನು ನಾನು ನೋಡಿರಲಿಲ್ಲ. ಮನುಷ್ಯನಿಗೆ ಜ್ವರವೇನಾದರೂ ಇದೆಯೇ ಎಂದು ಒಂದು ಕ್ಷಣ ಅನುಮಾನವಾಯಿತು. ಜ್ವರ ಇರಲಿಲ್ಲ. ಅವರ ತೊಂದರೆ ಬೇರೆಯೇ ಇತ್ತು, ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ದೇಜಪ್ಪ ಬೆಳ್ಮಣ್ಣಿನ ಕಡೆಯವರು. ಮೀಸೆ ಮೂಡುವ ಮೊದಲೇ ಕಲ್ಯಾಣದ ಒಂದು ಹೋಟೆಲಿಗೆ ಕಪ್ಪು ತೊಳೆಯಲು ಬಂದು, ಟೇಬಲ್ ಒರೆಸಿ, ಸಪ್ಲೈ ಮಾಡಿ, ಕಡೆಗೆ ಕ್ಯಾಶ್ ಕೌಂಟರಿನ ಸ್ಟೂಲಿನವರೆಗೆ ಹತ್ತಿದರು. ಅದೇ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು ಚೆನ್ನಯ. ವಾರದ ಆರು ದಿನ ಕಾವಲಿಯ ಮುಂದೆ ನಿಂತಿರುತ್ತಿದ್ದ ಈ ಚೆನ್ನಯ ಶನಿವಾರ ಸಂಜೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಶನಿಪೂಜೆಯಲ್ಲಿ ಕಥೆ ಹಾಡಲು ಕೂರುತ್ತಿದ್ದರು.

ನಾನು ಇಂಡಿ ಕಡೆಯವನು. ಈ ಪದ್ಧತಿ ನಮ್ಮಲ್ಲಿಲ್ಲ, ಇಲ್ಲಿಗೆ ಬಂದ ಮೇಲೆ ತುಳುನಾಡಿನವರಿಂದ ನೋಡಿ ತಿಳಿದದ್ದು. ಭಜನಾ ಮಂಡಳಿಯ ಹಾಲಿನಲ್ಲೋ ಬಿಲ್ಡಿಂಗಿನ ಪ್ಯಾಸೇಜಿನಲ್ಲೋ ಶನಿದೇವರ ಪಟ ಇಟ್ಟು, ದೀಪ ಹಚ್ಚುತ್ತಾರೆ. ಒಬ್ಬರು ಕಥೆಯ ಪದ್ಯಗಳನ್ನು ಹಾಡುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಕಥೆಯಲ್ಲಿ ಒಬ್ಬ ರಾಜನಿಗೆ ಶನಿ ಹಿಡಿಯುತ್ತದೆ. ರಾಜ್ಯ ಹೋಗುತ್ತದೆ, ಮಾಡದ ಕಳ್ಳತನ ತಲೆಗೆ ಬರುತ್ತದೆ, ಕೈಕಾಲು ಕಡಿಯುತ್ತಾರೆ, ಪಾಪ ಆ ರಾಜ ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾನೆ. ಕೊನೆಗೆ ಶನಿ ಒಲಿದು ಕೈಕಾಲು ಮರಳಿ ಬರುತ್ತವೆ. ಇದನ್ನು ಕೇಳುವವರಿಗೆ ಎರಡು ಕಟ್ಟುನಿಟ್ಟು. ಒಂದು, ಕೂತವರು ನಡುವೆ ಏಳಬಾರದು. ರಾಜನ ಕಷ್ಟ ಮುಗಿಯುವ ಮೊದಲು ಎದ್ದರೆ ಉಳಿದ ಕಷ್ಟ ಎದ್ದವರ ಜೊತೆ ಮನೆಗೆ ಬರುತ್ತದೆ ಎಂದು ನಂಬಿಕೆ. ಇನ್ನೊಂದು, ಮಂಗಳವಾದ ಮೇಲೆ ಹಾಡಿದವರ ಮುಂದಿನ ತಟ್ಟೆಗೆ ಕೈಲಾದಷ್ಟು ದಕ್ಷಿಣೆ ಹಾಕಿ, ನಮಸ್ಕಾರ ಮಾಡಿಯೇ ಹೊರಡಬೇಕು. ಮೊದಮೊದಲು ನಾನು ಇದಕ್ಕೆಲ್ಲ ನಗುತ್ತಿದ್ದೆ. ಆಮೇಲೆ ನನಗೂ ಒಂದು ಕೆಟ್ಟ ವರ್ಷ ಬಂತು, ನಾನೂ ಹೋಗಿ ಸುಮ್ಮನೆ ಕೂತೆ. ಚೆನ್ನಯ ಹಾಡುವಾಗ ಏಳಬೇಕೆಂದರೂ ಏಳಲು ಆಗುತ್ತಿರಲಿಲ್ಲ. ಒಗ್ಗರಣೆಯ ಹೊಗೆ ಕುಡಿದು ಸ್ವಲ್ಪ ಒಡೆದ ಗಂಟಲು ಅದು, ರಾಜನ ಸಂಕಟಕ್ಕೆ ಬೇಕಾದದ್ದೂ ಅಂಥದೇ ಗಂಟಲು.

ದೇಜಪ್ಪ ಕೌಂಟರ್ ಬಿಟ್ಟು, ಡೊಂಬಿವಲಿ ಪೂರ್ವದಲ್ಲಿ ಒಂದು ಕಟ್ಟಡದ ಮೆಟ್ಟಿಲಿನ ಕೆಳಗೆ ಕ್ಯಾಸೆಟ್ ಅಂಗಡಿ ಹಾಕಿದರು. 2002ರಲ್ಲಿ ಚೆನ್ನಯರ ಇಡೀ ಕಥೆಯನ್ನು ರೆಕಾರ್ಡ್ ಮಾಡಿಸಿ, ಎರಡು ಸಿಡಿಗಳ ಒಂದು ಡಬ್ಬಿ ಮಾಡಿ ಮಾರತೊಡಗಿದರು. ಸುತ್ತಮುತ್ತ ಫುಟ್‌ಪಾತಿನ ಮೇಲೆ ಕಳ್ಳ ಸಿಡಿಗಳ ರಾಶಿ. ದೇಜಪ್ಪ ಮಾತ್ರ ಬಿಲ್ ಹರಿಯದೆ, ತೆರಿಗೆ ಸೇರಿಸದೆ ಒಂದು ಡಬ್ಬಿಯನ್ನೂ ಕೈಬಿಡುತ್ತಿರಲಿಲ್ಲ. "ಬಿಲ್ ಬೇಡ ಅಣ್ಣ, ಟ್ಯಾಕ್ಸ್ ಬಿಟ್ಟು ಕೊಡಿ" ಎಂದರೆ, "ಬಿಲ್ ಬೇಡಾದ್ರೆ ಸಿಡಿಯೂ ಬೇಡ, ಹೋಗಿ" ಎಂದು ಡಬ್ಬಿಯನ್ನು ಶೋಕೇಸಿಗೆ ಸೇರಿಸಿಬಿಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಒಳಗೆ ಹೋಟೆಲಿನಿಂದ ತಂದ ಮೂರು ಸ್ಟೀಲಿನ ಚಟ್ನಿ ಪಾತ್ರೆಗಳಿದ್ದವು. ಒಂದು ಸರ್ಕಾರದ್ದು, ಒಂದು ಚೆನ್ನಯರದು, ಒಂದು ಅವರದು. ಇಷ್ಟೊಂದು ಹಟ ಯಾಕೆ ಎಂದು ನಾನು ಒಮ್ಮೆ ರೇಗಿಸಿದ್ದೆ.

"ಬಿಲ್ ಹರಿದ್ರೆ ಚೆನ್ನಯನ ಪಾಲು ನೆನಪಾಗ್ತದೆ ಚಂದ್ರಾಮಣ್ಣ. ಬಿಲ್ ಇಲ್ಲದ ದುಡ್ಡು ಸೀದಾ ನನ್ನ ಕಿಸೆಗೆ ಹೋಗ್ತದೆ. ನನಗೆ ನನ್ನ ಮೇಲೆ ಅಷ್ಟೇನೂ ನಂಬಿಕೆ ಇಲ್ಲ" ಎಂದಿದ್ದರು.

2009ರಲ್ಲಿ ಚೆನ್ನಯ ತೀರಿಹೋದರು. ಬೆಳಿಗ್ಗೆ ಹಿಟ್ಟು ಕಲಸುವಾಗ ಎದೆ ಹಿಡಿದುಕೊಂಡವರು ಮಧ್ಯಾಹ್ನ ಇರಲಿಲ್ಲ. ಅವರ ಹೆಂಡತಿ ಸತ್ಯಭಾಮಾ ವಿಠ್ಠಲವಾಡಿಯ ಒಂದು ಕೋಣೆಯ ಮನೆಯಲ್ಲಿ ಉಳಿದರು. ದೇಜಪ್ಪ ಪ್ರತಿ ತಿಂಗಳ ಮೊದಲ ಭಾನುವಾರ ಚೆನ್ನಯರ ಪಾಲು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಸತ್ಯಭಾಮಾ ದುಡ್ಡನ್ನು ಎಣಿಸದೆ ದೇವರ ಗೂಡಿನಲ್ಲಿಟ್ಟು, ಚಾ ಕೊಟ್ಟು, ಒಂದೇ ಮಾತು ಕೇಳುತ್ತಿದ್ದರು:

"ಈ ಸಲ ಅವರನ್ನು ಯಾರು ಕೇಳಿದ್ರು?"

ದೇಜಪ್ಪ ಹೇಳುತ್ತಿದ್ದರು. ಬದಲಾಪುರದಿಂದ ಬಂದ ಗಂಡಹೆಂಡತಿ, ಐರೋಲಿಯ ಒಬ್ಬ ಬ್ಯಾಂಕಿನವರು, ಮಗಳಿಗೆ ಗಂಡು ಸಿಗಲಿಲ್ಲವೆಂದು ಅತ್ತುಕೊಂಡು ಬಂದ ಉಲ್ಲಾಸನಗರದ ಒಬ್ಬ ತಾಯಿ. ಗಿರಾಕಿ ಅಂಗಡಿಯ ಮುಂದೆ ಬಂದು ನಿಂತರೆ ತಾನೇ ಇದೆಲ್ಲ ಗೊತ್ತಾಗುವುದು. ಸತ್ಯಭಾಮಾ ಗೋಡೆಯ ಮೇಲಿನ ಗಂಡನ ಫೋಟೋ ಕಡೆ ನೋಡುತ್ತ, ತಲೆಯಾಡಿಸುತ್ತ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆಕೆಗೆ ಬೇಕಾಗಿದ್ದದ್ದು ಪಾಲಿನ ದುಡ್ಡಿಗಿಂತ ಈ ಸುದ್ದಿ. ಹೋದ ಗಂಡನನ್ನು ಲೋಕ ಇನ್ನೂ ಕೂತು ಕೇಳುತ್ತಿದೆ ಎಂಬ ಸುದ್ದಿ.

ಅಷ್ಟರಲ್ಲಿ ಮೆಮೊರಿ ಕಾರ್ಡಿನ ಕಾಲ ಬಂತು. ದೇಜಪ್ಪನವರ ಎದುರು ಸಾಲಿನಲ್ಲಿ ಹಿತೇಶ್ ಎಂಬಾತ ಮೊಬೈಲ್ ಅಂಗಡಿ ತೆರೆದ. ಐವತ್ತು ರೂಪಾಯಿಗೆ ಕಾರ್ಡ್ ತುಂಬ ಹಾಡು ತುಂಬಿಸಿಕೊಡುತ್ತಿದ್ದ. ಸಿನಿಮಾ ಹಾಡು, ಆರತಿ, ಗರ್ಬಾ, ನಡುವೆ ಎಲ್ಲಿಂದಲೋ ಸಿಕ್ಕ ಚೆನ್ನಯರ ಶನಿಕಥೆಯೂ. ದೇಜಪ್ಪ ಕೆಂಡವಾಗಿ ಹೋಗಿ, ಬಿಲ್ ಎಲ್ಲಿ, ಟ್ಯಾಕ್ಸ್ ಎಲ್ಲಿ ಎಂದು ಕೇಳಿದರು. ಹಿತೇಶ್ ಕೆಟ್ಟವನಲ್ಲ. ಅವರಿಗೆ ಸ್ಟೂಲ್ ಕೊಟ್ಟು, ಕಟಿಂಗ್ ಚಾ ತರಿಸಿ, ನಗುತ್ತ ಹೇಳಿದ: "ಕಾಕಾ, ಯೆ ಮಾಲ್ ಥೋಡೀ ಹೈ? ಯೆ ತೋ ಹವಾ ಹೈ. ಹವಾ ಪೆ ಕೌನ್ ಟ್ಯಾಕ್ಸ್ ಲಗಾತಾ ಹೈ?"

ಇದೇನು ಸರಕೇ, ಬರೀ ಗಾಳಿ. ಗಾಳಿಗೆ ಯಾರು ತೆರಿಗೆ ಹಾಕುತ್ತಾರೆ ಎಂಬ ಆ ಮಾತು ದೇಜಪ್ಪನವರ ಎದೆಗೆ ನಾಟಿತು. ಸಿಡಿ ವ್ಯಾಪಾರ ದಿನದಿಂದ ದಿನಕ್ಕೆ ಇಳಿಯಿತು. 2012ರ ಕೊನೆಗೆ ಒಂದು ಇಡೀ ತಿಂಗಳು ಚೆನ್ನಯರ ಒಂದು ಡಬ್ಬಿಯೂ ಹೋಗಲಿಲ್ಲ. ಆ ತಿಂಗಳಿನಿಂದ ದೇಜಪ್ಪ ವಿಠ್ಠಲವಾಡಿಗೆ ಹೋಗುವುದು ನಿಂತಿತು. ಪಾಲನ್ನು ತನ್ನ ಕೈಯಿಂದ ಕೊಡಬಹುದಿತ್ತು, ಆದರೆ ಯಾರು ಕೇಳಿದರು ಎಂಬ ಪ್ರಶ್ನೆಗೆ ಉತ್ತರ ಎಲ್ಲಿಂದ ತರುವುದು?

ಆಗ ಅವರ ಮಗಳು ಪ್ರಣೀತಾ ಒಂದು ಉಪಾಯ ಮಾಡಿದಳು. ಆಕೆ ಡೊಂಬಿವಲಿಯಲ್ಲೇ ಹುಟ್ಟಿದವಳು. ಅಪ್ಪ ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ, ಕಂಪ್ಯೂಟರಿನಲ್ಲಿ ಚುರುಕು. ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿ, ಎರಡು ಸಿಡಿಗಳನ್ನು ಎರಡು ಫೈಲ್ ಮಾಡಿ ಏರಿಸಿದಳು. "ಪಪ್ಪಾ, ಪೆಹಲಾ ಪಾರ್ಟ್ ಫ್ರೀ ರಖತೇ ಹೈಂ. ಅಚ್ಛಾ ಲಗೇಗಾ ತೋ ಲೋಗ್ ದೂಸ್ರಾ ಖರೀದೇಂಗೇ" ಎಂದಳು. ಮೊದಲರ್ಧ ಪುಕ್ಕಟೆ, ಎರಡನೆಯದಕ್ಕೆ ದುಡ್ಡು. ಪ್ಲಾನು ಕೇಳಲು ಚೆನ್ನಾಗಿಯೇ ಇತ್ತು. ಈ ಡೌನ್‌ಲೋಡಿಗೆ ಎಷ್ಟು ತೆರಿಗೆ ಎಂದು ಕೇಳಲು ದೇಜಪ್ಪ ಆ ದಿನ ನನ್ನ ಬಳಿ ಬಂದದ್ದು.

"ಡಬ್ಬಿ ಇದ್ರ ಅದು ಸರಕು, ಸರಕಿಗೆ ವ್ಯಾಟ್" ಎಂದೆ ನಾನು. "ಡಬ್ಬಿ ಇಲ್ದ ಬರೇ ಡೌನ್‌ಲೋಡ್ ಅಂದ್ರ ಅದು ಸರಕೋ ಸೇವೆಯೋ ಅಂತ ದೊಡ್ಡದೊಡ್ಡವರೇ ಕೋರ್ಟಿನ್ಯಾಗ ಕುಸ್ತಿ ಹಿಡದಾರ. ಸೇವೆ ಅಂದ್ರ ನಿಮ್ಮಂಥ ಸಣ್ಣವರಿಗೆ ಮಾಫಿ ಐತಿ. ಒಟ್ಟ ನಿಮಗ ಏನೂ ಬೀಳೂದಿಲ್ಲ. ಪೇಢೆ ಹಂಚ್ರಿ, ಮನಿಗೆ ಹೋಗ್ರಿ."

ಬೇರೆ ಯಾರಾದರೂ ಆಗಿದ್ದರೆ ನನ್ನ ಕಾಲಿಗೆ ಬೀಳುತ್ತಿದ್ದರು. ದೇಜಪ್ಪನವರ ಮುಖ ಬಾಡಿಹೋಯಿತು.

"ಹಾಗಾದ್ರೆ ಆ ಹಿತೇಶ ಹೇಳಿದ್ದೇ ಸರಿಯಾ? ಚೆನ್ನಯನ ಹಾಡು ಗಾಳಿಯಾ?"

ನನಗೆ ಸಿಟ್ಟು ಬಂತು. ತೆರಿಗೆ ಎಂದರೆ ಮರ್ಯಾದೆಯ ಶಾಲು ಎಂದು ತಿಳಿದ ಮನುಷ್ಯನಿಗೆ ಏನು ಹೇಳುವುದು? ಅಕ್ಕಿಬೇಳೆಗೆ ಹಾಕುತ್ತಾರೆ, ಚಪ್ಪಲಿಗೆ ಹಾಕುತ್ತಾರೆ, ಇನ್ನು ಮನೆಯಲ್ಲಿ ಕೂತು ಕೇಳುವ ಕಥೆಗೂ ಯಾಕೆ ಹಾಕಬೇಕು, ಸಂಕಟದಲ್ಲಿ ಕೇಳುವವನ ಕಿಸೆಗೆ ಯಾಕೆ ಕೈ ಹಾಕಬೇಕು ಎಂದು ನಾನು ಜೋರು ಮಾಡಿದೆ. ಅವರು ಎಲ್ಲವನ್ನೂ ಕೇಳಿ, ಕೊಡೆ ಎತ್ತಿಕೊಂಡು, "ಆದ್ರೂ ಒಂದು ಬಿಲ್ ಇರ್ಬೇಕಿತ್ತು" ಎಂದು ಇಳಿದು ಹೋದರು.

ಗಲಾಟೆ ಶುರುವಾದದ್ದು ಅದಾಗಿ ಎರಡು ತಿಂಗಳಿಗೆ. ಬದಲಾಪುರದ ಹೋಟೆಲ್ ಮಾಲೀಕ, ಡೊಂಬಿವಲಿ ಭಜನಾ ಮಂಡಳಿಯ ಉಪಾಧ್ಯಕ್ಷ ಮುಂಡಪ್ಪ ಒಂದು ಬೆಳಿಗ್ಗೆ ಕುಂಟುತ್ತ ಬಂದು ದೇಜಪ್ಪನವರ ಅಂಗಡಿಯ ಮುಂದೆ ನಿಂತರು. ಸ್ಟೇಷನ್ನಿಗೆ ಓಡುತ್ತಿದ್ದವರೂ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಕೂಗಿದರು:

"ಏ ದೇಜಪ್ಪ! ರಾಜನ ಕೈಕಾಲು ಎಲ್ಲಿದೆ?"

ಆದದ್ದಿಷ್ಟು. ಮುಂಡಪ್ಪನವರಿಗೆ ಸಾಡೇಸಾತಿ, ಏಳೂವರೆ ವರ್ಷದ ಶನಿಕಾಟ. ಶನಿವಾರ ಸಂಜೆ ದೀಪ ಹಚ್ಚಿ, ಹೆಂಡತಿ ಜಯಲತಾರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಡೌನ್‌ಲೋಡ್ ಮಾಡಿದ ಕಥೆಯನ್ನು ಮೊಬೈಲಿನಲ್ಲಿ ಹಚ್ಚಿದರು. ಗಂಡಹೆಂಡತಿ ಕೈಮುಗಿದು ಕೇಳುತ್ತಿದ್ದಾರೆ, ರಾಜನ ಕೈಕಾಲು ಕಡಿಯುವಲ್ಲಿಗೆ ಬಂತು, ಕಡಿದರು, ಅಲ್ಲಿಗೆ ಮೊದಲರ್ಧ ಮುಗಿಯಿತು. ಮುಂದೆ ಸೊಲ್ಲೇ ಇಲ್ಲ. ಇನ್ನೊಂದು ಅರ್ಧ ಬೇರೆ ಫೈಲಿನಲ್ಲಿದೆ, ಅದನ್ನು ಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಸಿಡಿಯ ಡಬ್ಬಿಯಲ್ಲಿ ಎರಡೂ ಜೊತೆಗೇ ಇರುತ್ತಿದ್ದುದರಿಂದ ಈ ಗೊಂದಲ ಹಿಂದೆ ಯಾವತ್ತೂ ಬಂದಿರಲಿಲ್ಲ.

"ಸೋಮವಾರ ಗ್ರೈಂಡರ್ ಸುಟ್ಟುಹೋಯ್ತು. ಬುಧವಾರ ಮೆಟ್ಟಿಲಲ್ಲಿ ನನ್ನ ಕಾಲು ಉಳುಕಿತು. ಕಾಲೇ ಉಳುಕಿದ್ದು, ನೋಡು! ಕಥೆ ಅರ್ಧದಲ್ಲಿ ಬಿಟ್ಟದ್ದಕ್ಕೆ ಅಲ್ಲದೆ ಇನ್ನೇನು?"

ದೇಜಪ್ಪ ಬೆವತುಹೋದರು. ಪ್ರಣೀತಾ ಪುಟ ತೆರೆದು ನೋಡಿದರೆ ಮೊದಲರ್ಧವನ್ನು ನೂರಾರು ಜನ ಇಳಿಸಿಕೊಂಡಿದ್ದರು, ಎರಡನೆಯದನ್ನು ಕೊಂಡವರು ಬೆರಳೆಣಿಕೆಯವರು. ಅಂದರೆ ಠಾಣೆ ಜಿಲ್ಲೆಯ ತುಂಬ ಎಷ್ಟೋ ಮನೆಗಳಲ್ಲಿ ರಾಜ ಕೈಕಾಲಿಲ್ಲದೆ ಬಿದ್ದುಕೊಂಡಿದ್ದಾನೆ! ಶನಿಪೂಜೆಯ ಮನೆಯಲ್ಲಿ ಬೆಳೆದ ದೇಜಪ್ಪನವರಿಗೆ ಇದು ಹೊಳೆಯಲೇ ಇಲ್ಲವಲ್ಲ ಎಂದು ನಾನು ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

ಮಂಡಳಿಯ ಸಭೆ ಸೇರಿತು. ನನ್ನನ್ನೂ ಕರೆದಿದ್ದರು, ಸಲಹೆಗೆ. ಮುಂಡಪ್ಪ ಎದ್ದು ನಿಂತು, ಎರಡೂ ಅರ್ಧವನ್ನು ಪುಕ್ಕಟೆ ಬಿಟ್ಟುಬಿಡಬೇಕು ಎಂದರು. "ದೇವರ ಕಥೆಗೆ ರೇಟು ಹಾಕಿದ್ದೇ ತಪ್ಪು. ಅದರ ಮೇಲೆ ಇವನಿಗೆ ಟ್ಯಾಕ್ಸ್ ಬೇರೆ ಬೇಕಂತೆ! ನಾನು ಹೋಟೆಲಿಗೆ ಟ್ಯಾಕ್ಸ್ ಕಟ್ಟಿ ಕಟ್ಟಿ ಸೋತುಹೋಗಿದ್ದೇನೆ, ಇವನಿಗೆ ಅದರ ಆಸೆ!" ಸಭೆ ನಕ್ಕಿತು. ನಿಜ ಹೇಳಬೇಕೆಂದರೆ ತೆರಿಗೆಯ ಮಟ್ಟಿಗೆ ನಾನೂ ಮುಂಡಪ್ಪನವರ ಪಕ್ಷವೇ. ಆದರೆ ಪುಕ್ಕಟೆ ಎಂದ ಕೂಡಲೇ ನನಗೆ ವಿಠ್ಠಲವಾಡಿಯ ಕೋಣೆ ನೆನಪಾಯಿತು. ಪುಕ್ಕಟೆ ಹೋದದ್ದು ಯಾರ ಮನೆಗೆ ಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ದೇಜಪ್ಪ ಒಮ್ಮೆ ಧೈರ್ಯ ಮಾಡಿ ಹೋಗಿ, ಇಷ್ಟು ನೂರು ಡೌನ್‌ಲೋಡ್ ಆಗಿದೆ ಅತ್ತಿಗೆ ಎಂದು ಹೇಳಿದ್ದರಂತೆ. ಸತ್ಯಭಾಮಾ, "ಅಂದ್ರೆ ಯಾರು?" ಎಂದು ಕೇಳಿದ್ದರಂತೆ.

ದೇಜಪ್ಪ ಎದ್ದು ನಿಂತರು. "ನನ್ನಿಂದ ತಪ್ಪಾಗಿದೆ. ಬರುವ ಶನಿವಾರ ಅರ್ಧ ಕೇಳಿದವರೆಲ್ಲ ಮಂಡಳಿಯ ಹಾಲಿಗೆ ಬನ್ನಿ. ಉಳಿದರ್ಧವನ್ನು ಅಲ್ಲಿ ಹಾಕ್ತೇನೆ. ಅದು ಮುಗಿದ ಮೇಲೆ ಪುಕ್ಕಟೆ ಅಂತ ನೀವು ಹೇಳಿದ್ರೆ ಪುಕ್ಕಟೆ. ನಾನು ಅಂಗಡಿ ಮುಚ್ಚಿ ಊಟಕ್ಕೆ ಬೇರೆ ದಾರಿ ನೋಡ್ತೇನೆ" ಎಂದು ಕೂತರು.

ಶನಿವಾರ ಸಂಜೆ ನಾನು ಹೋಗುವಷ್ಟರಲ್ಲಿ ಹಾಲ್ ತುಂಬಿ, ಜನ ಚಪ್ಪಲಿ ಬಿಡುವ ಜಾಗದಲ್ಲೂ ಕೂತಿದ್ದರು. ಬದಲಾಪುರ, ಕಲ್ಯಾಣ, ಉಲ್ಲಾಸನಗರ, ಆಚೆ ವಾಶಿಯಿಂದ ಕೂಡ ಬಂದಿದ್ದರು. ಹಾಡುವವರು ಕೂರುವ ಮಣೆಯ ಮೇಲೆ ದೇಜಪ್ಪ ಒಂದು ಶಾಲು ಹಾಸಿ, ಅದರ ಮೇಲೆ ಕರಿಯ ಸ್ಪೀಕರ್ ಇಟ್ಟಿದ್ದರು. ಮುಂದೆ ಎಂದಿನ ಹಾಗೆ ಒಂದು ಹಿತ್ತಾಳೆಯ ತಟ್ಟೆ. ಹೆಂಗಸರ ಸಾಲಿನಲ್ಲಿ ಸತ್ಯಭಾಮಾ, ಸೆರಗನ್ನು ಹೆಗಲ ತುಂಬ ಹೊದ್ದು ಕೂತಿದ್ದರು.

ಗುಂಡಿ ಒತ್ತಿದ ಕೂಡಲೇ ಚೆನ್ನಯರ ಗಂಟಲು ಎದ್ದು ಬಂತು. ಗಾಣದ ಮೇಲೆ ಕೂತ ರಾಜ ಸಂಜೆಯ ಹೊತ್ತಿಗೆ ಹಾಡುವ ಪದ್ಯ ಬಂದಾಗ ಆ ಒಡಕು ದನಿ ಒಂದು ಕಡೆ ಸಿಕ್ಕಿಹಾಕಿಕೊಂಡು, ಮತ್ತೆ ಬಿಡಿಸಿಕೊಂಡು ಮೇಲಕ್ಕೆ ಹೋಯಿತು. ಪಕ್ಕದಲ್ಲಿ ಕೂತಿದ್ದವರು ಮೂಗು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನಿದೆ. ಶನಿ ಒಲಿದು, ರಾಜನ ಕೈಕಾಲು ಚಿಗುರಿ ಬಂದಾಗ ಇಡೀ ಹಾಲಿನಲ್ಲಿ ಒಂದು ಉಸಿರು ಬಿಟ್ಟ ಸದ್ದು. ಮುಂಡಪ್ಪ ತಮ್ಮ ಉಳುಕಿದ ಕಾಲನ್ನು ನಿಧಾನವಾಗಿ ನೀವಿಕೊಂಡರು.

ಮಂಗಳವಾಯಿತು. ಆಮೇಲೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಇಷ್ಟು ಹೊತ್ತಿಗೆ ಹಾಡಿದವರ ಮುಂದೆ ದಕ್ಷಿಣೆ ಹಾಕಿ ಅಡ್ಡಬೀಳಬೇಕು. ಹಾಡಿದವರು ಎಲ್ಲಿ? ಮಣೆಯ ಮೇಲೆ ಒಂದು ಪೆಟ್ಟಿಗೆ ಇದೆ, ಅಷ್ಟೇ. ಮುಂಡಪ್ಪ ಅಭ್ಯಾಸಬಲದಿಂದ ಎದ್ದು, ಕಿಸೆಗೆ ಕೈ ಹಾಕಿ, ಕುಂಟುತ್ತ ತಟ್ಟೆಯವರೆಗೆ ಹೋದವರು ಅಲ್ಲಿ ಗಕ್ಕನೆ ನಿಂತರು. ಕೈಯಲ್ಲಿ ನೋಟು, ಎದುರಿಗೆ ಸ್ಪೀಕರ್. ಜಯಲತಾ ಕೂತಲ್ಲಿಂದಲೇ, "ಹಾಕಿ, ನಮಸ್ಕಾರ ಮಾಡಿ. ಅವರೇ ಅಲ್ವಾ ಹಾಡಿದ್ದು" ಎಂದರು.

ಮುಂಡಪ್ಪ ನೋಟು ಹಾಕಿ, ಉಳುಕಿದ ಕಾಲನ್ನು ಕಷ್ಟಪಟ್ಟು ಮಡಚಿ, ಆ ಕರಿಯ ಪೆಟ್ಟಿಗೆಗೆ ನಮಸ್ಕಾರ ಮಾಡಿದರು. ಅವರ ಹಿಂದೆ ಸಾಲು ನಿಂತಿತು. ನಾನೂ ಆ ಸಾಲಿನಲ್ಲಿ ನಿಂತೆ.

ಪುಕ್ಕಟೆಯ ಮಾತನ್ನು ಯಾರು ಎತ್ತುತ್ತಾರೆ ಎಂದು ದೇಜಪ್ಪ ಮೂಲೆಯಲ್ಲಿ ಕಾಯುತ್ತಿದ್ದರು. ಎತ್ತಿದ್ದು ಮುಂಡಪ್ಪನವರೇ, ಗಡಸು ದನಿಯಲ್ಲಿ: "ದಕ್ಷಿಣೆ ಹಾಕದೆ ಕಥೆ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ. ನನ್ನ ಕಾಲು ಉಳುಕಿದ್ದು ಅದಕ್ಕೇ ಇರ್ಬೇಕು. ಅರ್ಧ ಗಿರ್ಧ ಬೇಡ, ಪೂರ್ತಿ ಕೊಡು, ಪೂರ್ತಿ ರೇಟು ಹಾಕು." ಅಲ್ಲಿಗೆ ಮಂಡಳಿಯ ತೀರ್ಮಾನ ಮುಗಿಯಿತು. ತಟ್ಟೆಯ ದುಡ್ಡನ್ನು ಸತ್ಯಭಾಮಾ ಮುಟ್ಟದೆ ಮಂಡಳಿಗೇ ಬಿಟ್ಟರು. ಹೊರಡುವಾಗ ದೇಜಪ್ಪನವರ ಹತ್ತಿರ ಬಂದು, "ಯಾರೂ ನಡುವೆ ಏಳ್ಲಿಲ್ಲ ಅಲ್ವಾ?" ಎಂದು ಕೇಳಿದರು.

"ಇಲ್ಲ ಅತ್ತಿಗೆ. ಒಬ್ಬರೂ ಏಳ್ಲಿಲ್ಲ."

ಮರುದಿನವೇ ಪ್ರಣೀತಾ ಎರಡು ಅರ್ಧಗಳನ್ನು ಸೇರಿಸಿ ಒಂದು ಮಾಡಿದಳು. ಡೌನ್‌ಲೋಡ್ ವ್ಯಾಪಾರ ಸಣ್ಣಗೆ, ನಿಲ್ಲದೆ ನಡೆಯತೊಡಗಿತು. ಹಿತೇಶ್ ಕೂಡ ಕಾರ್ಡಿನಿಂದ ಆ ಕಥೆಯನ್ನು ಅಳಿಸಿ, ಕೇಳಿದವರನ್ನು ಎದುರು ಅಂಗಡಿಗೆ ಕಳಿಸುತ್ತಿದ್ದ. ಸುದ್ದಿ ಕೇಳಿದ ಮೇಲೆ ಶನಿಯ ತಂಟೆ ತನಗೆ ಬೇಡ ಎನಿಸಿರಬೇಕು. ವಿಠ್ಠಲವಾಡಿಯ ಭಾನುವಾರಗಳು ಮರಳಿ ಶುರುವಾದವು. ಆದರೆ ಒಂದು ಕೊರತೆ ಉಳಿಯಿತು. ಕೊಂಡವರು ಎಲ್ಲಿಯವರು ಎಂದು ಪುಟ ಕೇಳುತ್ತಿರಲಿಲ್ಲ, ದುಡ್ಡು ಬಂತು ಎಂಬ ಸಂದೇಶ ಮಾತ್ರ ಬರುತ್ತಿತ್ತು. ಅಂಥದಕ್ಕೆ ಬಿಲ್ಲಿನ ಕಾಯ್ದೆಯೂ ಸರಿಯಾಗಿ ಇರಲಿಲ್ಲ. "ಈ ಸಲ ಹನ್ನೊಂದು ಜನ ಕೇಳಿದ್ದಾರೆ ಅತ್ತಿಗೆ" ಎಂದು ದೇಜಪ್ಪ ಹೇಳುವುದು, "ಎಲ್ಲಿಯವರು?" ಎಂದು ಆಕೆ ಕೇಳುವುದು, ಇವರು ಚಾ ಕಪ್ಪಿನ ಕಡೆ ನೋಡುವುದು, ಹೀಗೆ ನಾಲ್ಕು ವರ್ಷ ನಡೆಯಿತು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ನನ್ನ ಆಫೀಸು ಸಾವಿನ ಮನೆಯಾಗಿತ್ತು. ಬಟ್ಟೆಯವರು, ಖಾರ ತಿಂಡಿಯ ಫರ್ಸಾಣದವರು, ಹೋಟೆಲಿನವರು ಸಾಲಾಗಿ ಕೂತು ಗೋಳಾಡುತ್ತಿದ್ದರು, ಮುಂಡಪ್ಪನವರು ಎಲ್ಲರಿಗಿಂತ ಜೋರಾಗಿ. ಆ ಗೋಳಿನ ನಡುವೆ ದೇಜಪ್ಪ ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದರು.

"ಡೌನ್‌ಲೋಡಿಗೂ ಟ್ಯಾಕ್ಸ್ ಬಿತ್ತಂತೆ ಅಲ್ವಾ ಚಂದ್ರಾಮಣ್ಣ?"

"ಬಿತ್ತು. ಹದಿನೆಂಟು ಪರ್ಸೆಂಟ್" ಎಂದು ನಾನು ಹಲ್ಲು ಕಡಿದೆ. "ಅಲ್ರಿ, ಪುಸ್ತಕ ಕಾಗದದ ಮ್ಯಾಲಿದ್ರ ಸೊನ್ನೆ, ಅದನ್ನ ಫೋನಿನ್ಯಾಗ ಓದಿದ್ರ ಹದಿನೆಂಟು! ಯಾವ ನ್ಯಾಯ ಇದು? ಆದ್ರ ನಿಮಗೇನೂ ಚಿಂತಿ ಇಲ್ಲ. ನಿಮ್ಮ ವ್ಯಾಪಾರ ಸಣ್ಣದು, ರಿಜಿಸ್ಟ್ರೇಶನ್ ರದ್ದು ಮಾಡಿಸಿ ಕೊ‌ಡ್ತೀನಿ, ಆರಾಮ ಇರ್ರಿ."

"ರದ್ದಾ? ಬೇಡ ಬೇಡ" ಎಂದು ದೇಜಪ್ಪ ಪೇಢೆಯ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡರು, ನಾನು ಕಿತ್ತುಕೊಳ್ಳುತ್ತೇನೋ ಎಂಬಂತೆ. "ನಾನು ಕಟ್ತೇನೆ. ಬಿಲ್ಲಿನಲ್ಲಿ ಏನೇನು ಬರೀಬೇಕು, ಅದೊಂದು ಹೇಳಿ."

ಮುಂಡಪ್ಪ ಅವರನ್ನು ದೆವ್ವ ನೋಡಿದಂತೆ ನೋಡಿದರು. ನಾನು ಒಂದೊಂದೇ ಹೇಳುತ್ತ ಬಂದೆ: ಮಾರುವವರ ಹೆಸರು, ನಂಬರು, ಮಾರಿದ್ದರ ಹೆಸರು, ದರ, ತೆರಿಗೆ. ಆಮೇಲೆ, ಕೊಂಡವರ ಹೆಸರು, ಅವರು ಯಾವ ರಾಜ್ಯದವರೋ ಆ ರಾಜ್ಯದ ಹೆಸರು, ಯಾಕೆಂದರೆ ತೆರಿಗೆಯ ಪಾಲು ಆ ರಾಜ್ಯಕ್ಕೂ ಸೇರಬೇಕು. ಅಲ್ಲಿಗೆ ಬಂದಾಗ ದೇಜಪ್ಪ ನನ್ನ ಮಾತು ತಡೆದರು.

"ಎಲ್ಲಿಯವರು ಅಂತ ಕೇಳ್ಲೇಬೇಕಾ?"

"ಕೇಳ್ಲೇಬೇಕು."

"ಅವರು ಹೇಳ್ಲೇಬೇಕಾ?"

"ಹೇಳ್ಲಿಲ್ಲ ಅಂದ್ರ ಬಿಲ್ ಹೆಂಗ ಹರೀತೀರಿ?"

ಅವರು ಮೊದಲ ಪೇಢೆಯನ್ನು ನನ್ನ ಬಾಯಿಗೇ ತುರುಕಿದರು. ಪ್ರಣೀತಾ ಪುಟವನ್ನು ತಿದ್ದಿದಳು. ರಾಜ್ಯದ ಜೊತೆಗೆ ಊರನ್ನೂ ಕೇಳುವಂತೆ ಒಂದು ಖಾನೆ ಇಟ್ಟಳು. ಅಪ್ಪ ಅವಳ ಬೆನ್ನ ಹಿಂದೆಯೇ ನಿಂತು ಅದನ್ನು ಮಾಡಿಸಿದರಂತೆ.

ಆಗಸ್ಟಿನ ಮೊದಲ ಭಾನುವಾರ ದೇಜಪ್ಪ ನನ್ನನ್ನೂ ವಿಠ್ಠಲವಾಡಿಗೆ ಎಳೆದುಕೊಂಡು ಹೋದರು. ಸತ್ಯಭಾಮಾ ಬಹಳ ಇಳಿದುಹೋಗಿದ್ದರು, ಕಣ್ಣಿಗೂ ಮಬ್ಬು ಬಂದಿತ್ತು. ಪಾಲಿನ ದುಡ್ಡನ್ನು ಗೂಡಿನಲ್ಲಿಟ್ಟು, ಚಾ ಕೊಟ್ಟು, ಗೋಡೆಗೆ ಒರಗಿ ಕೂತು ಎಂದಿನ ಮಾತು ಕೇಳಿದರು.

"ಈ ಸಲ ಅವರನ್ನು ಯಾರು ಕೇಳಿದ್ರು?"

ದೇಜಪ್ಪ ಬಿಲ್ಲುಗಳ ಪ್ರತಿ ತೆಗೆದು, ಕನ್ನಡಕ ಏರಿಸಿ, ಮದುವೆಯ ಲಗ್ನಪತ್ರಿಕೆ ಓದುವ ಗತ್ತಿನಲ್ಲಿ ಶುರುಮಾಡಿದರು. ಮಹಾರಾಷ್ಟ್ರ, ಪುಣೆ. ಕರ್ನಾಟಕ, ಕುಂದಾಪುರ. ಕೇರಳ, ಕಾಸರಗೋಡು. ಮಹಾರಾಷ್ಟ್ರ, ಬದಲಾಪುರ, "ಅದು ಮುಂಡಪ್ಪ, ಟ್ಯಾಕ್ಸಿಗೆ ನನ್ನನ್ನು ಬೈದುಕೊಂಡೇ ತೆಗೊಂಡದ್ದು." ಸತ್ಯಭಾಮಾ ನಕ್ಕರು. ಗುಜರಾತ್, ವಾಪಿ.

"ವಾಪಿಯಾ?" ಆಕೆ ಗೋಡೆ ಬಿಟ್ಟು ನೆಟ್ಟಗೆ ಕೂತರು. "ವಾಪಿಯಲ್ಲಿ ಯಾರು?"

"ಹೋಟೆಲಿನವರು ಅತ್ತಿಗೆ, ಬಿಲ್ಲಿನಲ್ಲಿ ಹೋಟೆಲಿನ ವಿಳಾಸ ಉಂಟು. ದಯಾನಂದ ಅಂತ ಹೆಸರುಂಟು."

"ಮದುವೆಯಾದ ಹೊಸತರಲ್ಲಿ ಅವರು ವಾಪಿಯ ಹೋಟೆಲಿನಲ್ಲಿ ದೋಸೆ ಹೊಯ್ತಾ ಇದ್ದದ್ದು. ಎರಡು ವರ್ಷ. ಒಂದು ಶನಿವಾರವೂ ರಜೆ ಕೊಡ್ಲಿಲ್ಲ, ಒಂದು ಸಲವೂ ಹಾಡ್ಲಿಕ್ಕೆ ಆಗ್ಲಿಲ್ಲ. ಅದೇ ಬೇಸರದಲ್ಲಿ ಕೆಲಸ ಬಿಟ್ಟು ಕಲ್ಯಾಣಕ್ಕೆ ಬಂದದ್ದು." ಆಕೆ ಫೋಟೋದ ಕಡೆ ತಿರುಗಿದರು. "ಕೇಳಿತಾ? ವಾಪಿಯಲ್ಲಿಯೂ ಹಾಡಿದ್ರಿ ಈಗ."

ದೇಜಪ್ಪ ನನ್ನ ಕಡೆ ನೋಡಿದರು, ಕಾಯ್ದೆಯನ್ನು ನಾನೇ ಕೂತು ಬರೆದಿದ್ದೇನೋ ಎಂಬಷ್ಟು ಕೃತಜ್ಞತೆಯಿಂದ. ಹದಿನೆಂಟು ಹೆಚ್ಚಾಯಿತು ಎಂದು ನಾನು ಇವತ್ತಿಗೂ ವಾದಿಸುತ್ತೇನೆ, ಯಾರ ಎದುರು ಬೇಕಾದರೂ ವಾದಿಸುತ್ತೇನೆ. ವಿಠ್ಠಲವಾಡಿಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಚಾ ಕುಡಿದೆ.